ಸುಮ್ಮನೆ ಕೂರುವ ಕೆಲಸ

ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯನಿಗೆ ಕಂಪನಿಯವರು ಇಟ್ಟಿದ್ದ ಹೆಸರು ಅವಸರಣ್ಣ. ಹನ್ನೊಂದನೇ ಮಹಡಿಯಲ್ಲಿ ಲಿಫ್ಟ್ ಕೆಟ್ಟು ನಿಂತಿದೆ ಎಂದು ಕರೆ ಬಂದರೆ, ಪಕ್ಕದ ಲಿಫ್ಟ್ ಚೆನ್ನಾಗಿಯೇ ಓಡುತ್ತಿದ್ದರೂ ಅದು ಕೆಳಗೆ ಬರುವ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಸಾಮಾನಿನ ಚೀಲ ಹೆಗಲಿಗೇರಿಸಿ ಎರಡೆರಡು ಮೆಟ್ಟಿಲು ಹಾರುತ್ತಾ ಹತ್ತಿಬಿಡುತ್ತಿದ್ದ. ಊಟಕ್ಕೆ ಕೂತರೆ ಕೊನೆಯ ತುತ್ತು ಬಾಯಲ್ಲಿರುವಾಗಲೇ ನಲ್ಲಿಯ ಕೆಳಗೆ ಕೈ ಒಡ್ಡಿರುತ್ತಿದ್ದ. ಅಂಥವನು ನಲವತ್ತೇಳನೇ ವಯಸ್ಸಿಗೇ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತೇನೆ ಎಂದಾಗ ಜೊತೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ನಗು ಬರಲಿಲ್ಲ. ಆ ದಿನಕ್ಕಾಗಿ ಅವನು ಹತ್ತೊಂಬತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ದುಡಿದಿದ್ದ.

ಈ ಹುಳ ಅವನ ತಲೆಯೊಳಗೆ ಹೊಕ್ಕಿದ್ದು ಇಪ್ಪತ್ತೆಂಟನೇ ವಯಸ್ಸಿನಲ್ಲಿ. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನ ಬಾಗಿಲನ್ನು ಸನ್ನೆಕೋಲು ಹಾಕಿ ತೆರೆದ. ಒಳಗೆ ಒಬ್ಬನೇ ಒಬ್ಬ ಇದ್ದ. ಮನೆಯ ಬಟ್ಟೆ, ಹವಾಯಿ ಚಪ್ಪಲಿ, ಕಂಕುಳಲ್ಲಿ ಪತ್ರಿಕೆ, ತಲೆಯನ್ನೂ ಬಾಚಿರಲಿಲ್ಲ. ಮುಕ್ಕಾಲು ಗಂಟೆ ಕತ್ತಲಲ್ಲಿ ಇದ್ದರೂ ಬೈಯಲಿಲ್ಲ, ಕೂಗಾಡಲಿಲ್ಲ, ಪಾರ್ಕಿನ ಬೆಂಚಿನಿಂದ ಎದ್ದುಬಂದವನ ಹಾಗೆ ಹೊರಗೆ ಬಂದ. ಇವತ್ತು ಆಫೀಸಿಗೆ ರಜಾನಾ ಎಂದು ಅವಸರಣ್ಣ ಮಾತಿಗೆ ಕೇಳಿದ.

"ರಜಾ ಅಲ್ಲಪ್ಪ, ಕೆಲಸ ಮುಗೀತು. ಎರಡು ಮನೆ ಬಾಡಿಗೆ ಬರತ್ತೆ. ಮಿಕ್ಕಿದ್ದು ಮ್ಯೂಚುವಲ್ ಫಂಡಲ್ಲಿದೆ, ಅದರ ಪಾಡಿಗೆ ಅದು ಬೆಳ್ಕೊಂಡು ಹೋಗತ್ತೆ."

ಆ ಮನುಷ್ಯನಿಗೆ ಹೆಚ್ಚೆಂದರೆ ನಲವತ್ತೈದು ಇರಬಹುದು. ಅವಸರಣ್ಣನ ಮೊಣಕೈವರೆಗೆ ಗ್ರೀಸು ಮೆತ್ತಿತ್ತು, ಜೇಬಿನಲ್ಲಿ ಸೂಪರ್‌ವೈಸರನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. 'ಮುಗೀತು' ಎಂಬ ಆ ಒಂದು ಮಾತನ್ನು ಅವನು ದಿನವಿಡೀ ಬಾಯಲ್ಲಿ ಮೆಲ್ಲುತ್ತಾ ಓಡಾಡಿದ. ಸಂಜೆ ಹೆಂಡತಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ಅವಳು ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರಿಗೆ ಅಕ್ಷರದ ಹಲಗೆ ತೋರಿಸಿ ಓದಿಸುವುದು, ಚೌಕಟ್ಟನ್ನು ಕಿವಿಗೂ ಮೂಗಿಗೂ ಹೊಂದಿಸುವುದು, ಎಲ್ಲವೂ ನಿಂತುಕೊಂಡೇ ಮಾಡುವ ಕೆಲಸ. ಮಿತಭಾಷಿ. ಗಂಡ ಹೇಳಿದ್ದನ್ನೆಲ್ಲ ಕೇಳಿ "ಹೂಂ" ಎಂದಳು. ಹೂಂ ಎಂದರೆ ಹೂಂ ಎಂದೇ ಅವನು ಅರ್ಥ ಮಾಡಿಕೊಂಡ.

ಮರುತಿಂಗಳಿಂದಲೇ ಮನೆ ನಡೆದದ್ದು ಅವಳ ಸಂಬಳದಲ್ಲಿ. ಅವನ ಸಂಬಳ ಬಂದ ದಾರಿಯಲ್ಲೇ ಫಂಡಿಗೆ ಹೋಗುತ್ತಿತ್ತು, ಓವರ್‌ಟೈಮಿನ ದುಡ್ಡು ಬೇರೆ ಗಂಟಿಗೆ. ಒಂಬತ್ತು ವರ್ಷಕ್ಕೆ ಆ ಗಂಟು ಬಿಚ್ಚಿ, ಮೇಲಿಷ್ಟು ಸಾಲ ಮಾಡಿ, ತಾವಿದ್ದ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಎರಡು ಕೋಣೆಯ ಹಳೇ ಫ್ಲಾಟೊಂದನ್ನು ಕೊಂಡರು. ಮೂರನೇ ಮಹಡಿ. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. "ಲಿಫ್ಟ್ ಇಲ್ಲದ್ದನ್ನೇ ಹುಡುಕಿ ತಗೊಂಡೆ, ರಿಪೇರಿ ತಾಪತ್ರಯ ಇರಲ್ಲ" ಎಂದು ಅವನು ಕಂಡಕಂಡವರಿಗೆ ಹೇಳಿ ನಗುತ್ತಿದ್ದ. ಬಾಡಿಗೆಯಿಂದಲೇ ಸಾಲ ತೀರಿತು. ಅಷ್ಟು ವರ್ಷ ಅವರ ಮನೆಗೆ ಒಂದು ಸೋಫಾ ಬರಲಿಲ್ಲ. ಅದೇ ಹಳೇ ಸ್ಕೂಟರ್, ಅಟ್ಟೆ ಸವೆದರೆ ಹೊಲಿಸಿ ಹಾಕಿಕೊಳ್ಳುವ ಅದೇ ಚಪ್ಪಲಿ. ಅವನ ಅತ್ತಿಗೆ, ನಿಮ್ಮ ಮನೆಗೆ ಬರುವಾಗ ನಾನು ಸಕ್ಕರೆ ಕಟ್ಟಿಕೊಂಡೇ ಬರಬೇಕು ಎಂದು ಮುಖಕ್ಕೇ ಹೇಳುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೊಂದು ದಿನ ಬಾಡಿಗೆಯೂ ಫಂಡಿನಿಂದ ತಿಂಗಳಿಗೆ ತೆಗೆಯಬಹುದಾದ ಮೊತ್ತವೂ ಸೇರಿದರೆ ಮನೆಯ ಖರ್ಚಿಗೆ ಸಾಕು ಎನ್ನುವ ಹಂತ ಬಂತು. ಮರುದಿನವೇ ರಾಜೀನಾಮೆ ಬರೆದುಕೊಟ್ಟ. ಹೆಂಡತಿ ಇನ್ನೆರಡು ಮೂರು ವರ್ಷ ದುಡಿದರೆ ಮಗಳ ಓದಿಗಾಗುತ್ತದೆ, ಆಮೇಲೆ ಅವಳೂ ಬಿಡಬಹುದು ಎಂದು ಅವನೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ. ಜೊತೆಯವರು ಬೀಳ್ಕೊಡುಗೆಗೆ ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಮೊದಲ ವಾರ ಬೆಳಿಗ್ಗೆ ಐದೂವರೆಗೇ ಎಚ್ಚರ. ಎದ್ದು ಏನು ಮಾಡುವುದು? ಮಲಗಿದ. ಮಲಗಿದರೆ ಬೆನ್ನು ನೋವು. ಮತ್ತೆ ಎದ್ದ. ಹೆಂಡತಿ ಅಂಗಡಿಗೆ ಹೊರಟ ಮೇಲೆ ಮನೆ ಬಿಕೋ ಎಂದಿತು. ಎರಡನೇ ವಾರ ಮನೆಯ ಬಾಗಿಲು ಕಿಟಕಿಗಳಿಗೆಲ್ಲ ಎಣ್ಣೆ ಬಿಟ್ಟ. ಫ್ಯಾನು ಬಿಚ್ಚಿ ಜೋಡಿಸಿದ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ಇಟ್ಟ. ಸಂಜೆ ಬಂದ ಹೆಂಡತಿಗೆ ಉಪ್ಪು ಸಿಗಲಿಲ್ಲ. ಬೇರೆ ಊರಿನ ಹಾಸ್ಟೆಲಿನಲ್ಲಿದ್ದ ಮಗಳಿಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಊಟ ಆಯ್ತಾ, ಛತ್ರಿ ಒಯ್ದೆಯಾ ಎಂದು ಕೇಳಿದ. ನಾಲ್ಕನೇ ದಿನ ಅವಳು, ಅಪ್ಪಾ, ನನಗೆ ಕ್ಲಾಸಿದೆ, ನೀನು ಸಂಜೆ ಒಂದ್ಸಲ ಮಾಡು ಸಾಕು ಎಂದಳು.

ಆಮೇಲೆ ಫಂಡು. ಅದರ ಬೆಲೆ ದಿನಕ್ಕೆ ಒಂದೇ ಸಲ, ರಾತ್ರಿ ಊಟದ ಹೊತ್ತಿಗೆ ಬದಲಾಗುವುದು ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ಚಹಾ ಕುಡಿಯುವಾಗ ಒಮ್ಮೆ, ಹತ್ತಕ್ಕೆ, ಹನ್ನೆರಡಕ್ಕೆ ಫೋನು ತೆಗೆದು ನೋಡುತ್ತಿದ್ದ. ಅದೇ ಅಂಕಿ. ಕೆಲಸದಲ್ಲಿದ್ದ ಹತ್ತೊಂಬತ್ತು ವರ್ಷದಲ್ಲಿ ಅವನು ಅದನ್ನು ವರ್ಷಕ್ಕೆರಡು ಸಲ ನೋಡಿದ್ದರೆ ಹೆಚ್ಚು.

ಮೂರನೇ ವಾರ ಅವನಿಗೆ ಬಾಡಿಗೆ ಮನೆ ನೆನಪಾಯಿತು.

ಅಲ್ಲಿ ಎರಡು ವರ್ಷದಿಂದ ಒಬ್ಬ ನರ್ಸ್ ಇದ್ದಳು. ಒಂಟಿ ಹೆಂಗಸು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಒಂದನೇ ತಾರೀಖು ಬಂದರೆ ಬಾಡಿಗೆ ಬ್ಯಾಂಕಿಗೆ ಬಿದ್ದಿರುತ್ತಿತ್ತು. ಎರಡು ವರ್ಷದಲ್ಲಿ ಅವಳು ಒಂದು ಬಲ್ಬು ಹೋಯಿತೆಂದೂ ಫೋನು ಮಾಡಿರಲಿಲ್ಲ, ಅವನೂ ಆ ಕಡೆ ತಲೆ ಹಾಕಿರಲಿಲ್ಲ. ಇಷ್ಟು ದಿನ ಆ ಮನೆಯನ್ನು ನೋಡಿಕೊಳ್ಳದೆ ಬಿಟ್ಟೆನಲ್ಲ ಎಂದು ಅವನಿಗೆ ಈಗ ತಪ್ಪಿತಸ್ಥ ಭಾವನೆ. ಚೀಲ ತೆಗೆದುಕೊಂಡು ಹನ್ನೊಂದು ಗಂಟೆಗೆ ಹೋಗಿ ಬೆಲ್ ಒತ್ತಿದ.

ತುಂಬಾ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ದಿಂಬಿನ ಗೆರೆ ಅವಳ ಕೆನ್ನೆಯ ಮೇಲೆ ಹಾಗೇ ಇತ್ತು. ನಲ್ಲಿ ಏನಾದರೂ ಸೋರುತ್ತಿದೆಯಾ ಎಂದು ಅವನು ಕೇಳಿದ. ಇಲ್ಲ ಸರ್ ಎಂದಳು. ಆದರೂ ನೋಡಿಬಿಡ್ತೀನಿ ಎಂದು ಒಳಗೆ ನುಗ್ಗಿ ಅಡುಗೆಮನೆಯ ನಲ್ಲಿಗೂ ಬಚ್ಚಲಿನ ನಲ್ಲಿಗೂ ಹೊಸ ವಾಷರ್ ಹಾಕಿ, ಟಣಟಣ ಸದ್ದು ಮಾಡಿ, ಒಂದು ಗಂಟೆಗೆ ಹೊರಟ. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ಎರಡು ದಿನ ಬಿಟ್ಟು ಕಿಟಕಿಯ ಚಿಲಕ ನೋಡಲು ಹೋದ. ಮುಂದಿನ ವಾರ ಗೋಡೆಗೆ ತೇವ ಹಿಡಿದಿದೆಯೇ ಎಂದು ಬೆರಳಿನಿಂದ ತಟ್ಟಿ ತಟ್ಟಿ ನೋಡಿದ. ಅದಾದ ಮೇಲೆ ಬಾಗಿಲಿನ ಬೀಗ, ಅದಾದ ಮೇಲೆ ಸ್ವಿಚ್ಚುಗಳು. ಅವಳು ಪ್ರತಿ ಸಲವೂ ಶಾಲು ಹೊದ್ದು, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದಳು. ಒಂದು ದಿನ ಬಾಗಿಲ ಮೇಲೆ ಕಾಗದ ಅಂಟಿಸಿದ್ದಳು: ರಾತ್ರಿ ಪಾಳಿ, ಹಗಲು ನಿದ್ದೆ, ದಯವಿಟ್ಟು ಬೆಲ್ ಮಾಡಬೇಡಿ. ಅವನು ಅದನ್ನು ಎರಡು ಸಲ ಓದಿದ. ಪಾಪ, ಬೆಲ್ಲಿನ ಸದ್ದೇ ಜಾಸ್ತಿ ಇರಬೇಕು ಅನ್ನಿಸಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಬೆಲ್ ಬಿಚ್ಚಿ ಮೆಲ್ಲಗೆ ಸದ್ದು ಮಾಡುವ ಹಾಗೆ ಸರಿಮಾಡಿದ. ಸರಿಯಾಯಿತೋ ಇಲ್ಲವೋ ಎಂದು ಒತ್ತಿ ನೋಡಿದ. ಬಾಗಿಲು ತೆರೆಯಿತು. ಈ ಸಲ ಅವಳು ಅವನನ್ನೇ ನೋಡಿ ಬಾಗಿಲು ಹಾಕಿಕೊಂಡಳು.

ಆ ಭಾನುವಾರ ಸಂಜೆ ನಾಲ್ಕಕ್ಕೆ ಆಕೆ ಅವರ ಮನೆಗೇ ಬಂದಳು. ಹೆಂಡತಿ ಕುರ್ಚಿ ಕೊಟ್ಟು ಚಹಾಕ್ಕೆ ಇಟ್ಟಳು. ನರ್ಸ್ ಕೈಚೀಲದಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತೇನೆ ಎಂದಿತ್ತು. ಅವಸರಣ್ಣ ಕಾಗದ ಕೈಗೆತ್ತಿಕೊಂಡ. ಏನು ತೊಂದರೆ ಸಿಸ್ಟರ್, ಬಾಡಿಗೆ ಜಾಸ್ತಿಯಾಯಿತಾ, ನೀರಿನದ್ದಾ, ಏನಿದ್ದರೂ ಹೇಳಿ ನಾಳೆಯೇ ಬಂದು ಸರಿಮಾಡುತ್ತೇನೆ ಎಂದ.

"ಮನೆ ತುಂಬಾ ಚೆನ್ನಾಗಿದೆ ಸರ್. ನೀವೂ ಒಳ್ಳೇವ್ರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ನಿದ್ದೆ ಬೇಕು. ಹೋದ ವಾರ ವಾರ್ಡಿನಲ್ಲಿ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಡೋದರಲ್ಲಿದ್ದೆ. ಕೈ ಅಲ್ಲಿವರೆಗೂ ಹೋಗಿತ್ತು."

ಹೆಂಡತಿ ಚಹಾದ ಲೋಟ ಅವಳ ಕೈಗೆ ಕೊಟ್ಟು, ಬೇರೆ ಕಡೆ ಮನೆ ಸಿಕ್ಕಿತಾ ಎಂದು ಕೇಳಿದಳು. ಸಿಕ್ಕಿತು, ಮುಂಗಡವನ್ನೂ ಕೊಟ್ಟಾಯಿತು ಎಂದಳು ನರ್ಸ್. ಆಕೆ ಹೋದ ಮೇಲೆ ಹೆಂಡತಿ ಗಂಡನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಖಾಲಿ ಮನೆ ನೋಡಲು ಜನ ಬಂದರು. ಅವಸರಣ್ಣ ಬಾಗಿಲಲ್ಲೇ ನಿಂತು ಸ್ವಾಗತಿಸಿ ಅವರ ಹಿಂದೆಯೇ ಸುತ್ತುತ್ತಿದ್ದ. ನಲ್ಲಿ ತಿರುಗಿಸಿ ತೋರಿಸುವನು, ಚಿಲಕ ಹಾಕಿ ತೆಗೆದು ತೋರಿಸುವನು. ಏನೇ ಕೆಟ್ಟರೂ ಫೋನು ಮಾಡಿ, ನಾನು ಹತ್ತೇ ನಿಮಿಷದಲ್ಲಿ ಬರ್ತೀನಿ, ಕೆಡದಿದ್ದರೂ ವಾರಕ್ಕೊಮ್ಮೆ ಬಂದು ನೋಡ್ಕೊಂಡು ಹೋಗ್ತೀನಿ ಎಂದು ಭರವಸೆ ಕೊಡುವನು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಮೆಟ್ಟಿಲಿಳಿಯುತ್ತಿದ್ದರು. ಆರು ವಾರ ಹೀಗೇ ಕಳೆಯಿತು.

ಅದೇ ಹೊತ್ತಿಗೆ ಶೇರುಪೇಟೆ ಕುಸಿಯಿತು. ಹಿಂದೆಯೂ ಕುಸಿದಿತ್ತು. ಒಂದು ವರ್ಷವಂತೂ ಇದಕ್ಕಿಂತ ಆಳಕ್ಕೆ ಬಿದ್ದಿತ್ತು, ಆದರೆ ಆಗ ಅವನು ಯಾವುದೋ ಕಟ್ಟಡದ ನೆತ್ತಿಯ ಮೇಲಿನ ಮೋಟಾರ್ ಕೋಣೆಯಲ್ಲಿ ತಲೆ ತಗ್ಗಿಸಿ ಬೋಲ್ಟು ಬಿಗಿಯುತ್ತಿದ್ದ. ಬಿದ್ದದ್ದೂ ಗೊತ್ತಾಗಿರಲಿಲ್ಲ, ಎದ್ದದ್ದೂ ಗೊತ್ತಾಗಿರಲಿಲ್ಲ. ಈಗ ಹಾಗಲ್ಲ. ಬೆಳಿಗ್ಗೆಯಿಂದ ಟೀವಿಯ ಮುಂದೆ ಕೆಂಪು ಅಂಕಿಗಳನ್ನೇ ನೋಡುತ್ತಾ ಮುಳ್ಳಿನ ಮೇಲೆ ಕೂತಂತೆ ಕೂರುತ್ತಿದ್ದ. ಟೈ ಕಟ್ಟಿದ ಒಬ್ಬ ಇನ್ನೂ ಬೀಳತ್ತೆ ಎನ್ನುವನು, ಪಕ್ಕದವನು ಈಗಲೇ ಕೊಳ್ಳಬೇಕು ಎನ್ನುವನು. ಒಂಬತ್ತು ದಿನ ಸತತವಾಗಿ ಇಳಿಯಿತು. ಬಾಡಿಗೆ ಇಲ್ಲ, ಫಂಡು ಕರಗುತ್ತಿದೆ. ಕೋಣೆಯಿಂದ ಕೋಣೆಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಹತ್ತನೇ ದಿನ ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತುಕೊಂಡೇ ಫೋನಿನಲ್ಲಿ ಫಂಡಿನ ಅರ್ಧದಷ್ಟನ್ನು ಮಾರಿಬಿಟ್ಟ. ಹೆಬ್ಬೆರಳಿನಿಂದ ಮೂರು ಸಲ ಒತ್ತಿದ್ದು, ಅಷ್ಟೇ. ಇಬ್ಬರ ಹೆಸರಿನಲ್ಲಿದ್ದರೂ ಒಬ್ಬರು ಒಪ್ಪಿದರೆ ಸಾಕಿತ್ತು.

ಒಂದು ಮಧ್ಯಾಹ್ನದ ಮಟ್ಟಿಗೆ ಅವನಿಗೆ ಹಾಯೆನ್ನಿಸಿತು. ಗಾಢವಾಗಿ ನಿದ್ದೆಯನ್ನೂ ಮಾಡಿದ. ಪೇಟೆ ಮತ್ತೆರಡು ದಿನ ಅತ್ತಿತ್ತ ಹೊಯ್ದಾಡಿ ಏರತೊಡಗಿತು. ಸುಮ್ಮನೆ ಏರಲಿಲ್ಲ, ಅವನನ್ನು ಅಣಕಿಸುವ ಹಾಗೆ ಏರಿತು. ತಿಂಗಳೊಪ್ಪತ್ತಿನಲ್ಲಿ ಬಿದ್ದದ್ದನ್ನೆಲ್ಲ ತುಂಬಿಕೊಂಡು ಮೇಲಕ್ಕೆ ಹೋಯಿತು. ಅವನು ಹೆಂಡತಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತಾ, ಬೆಳಿಗ್ಗೆ ಅವಳ ಜೊತೆಗೇ ಮನೆಯಿಂದ ಹೊರಬಿದ್ದು ಖಾಲಿ ಫ್ಲಾಟಿಗೆ ಹೋಗಿಬಿಡುತ್ತಿದ್ದ. ಸಂಜೆವರೆಗೂ ಅಲ್ಲೇ. ಕೈಗೆ ಏನಾದರೂ ಬೇಕಲ್ಲ. ಒಂದು ದಿನ ಗೋಡೆಗೆ ಬಣ್ಣ, ಒಂದು ದಿನ ಬಾಗಿಲಿಗೆ ಉಜ್ಜು ಕಾಗದ.

ಗುಟ್ಟು ಬಯಲಾಗಿದ್ದು ಅಂಚೆಯಿಂದ. ಹೆಂಡತಿಯ ಎಡಗಾಲು ಊದಿಕೊಂಡು ಅವಳು ಅಂಗಡಿಗೆ ರಜೆ ಹಾಕಿ ಮನೆಯಲ್ಲಿದ್ದ ದಿನವೇ ಫಂಡಿನವರ ಲಕೋಟೆ ಬಂತು. ಮೂರು ತಿಂಗಳಿಗೊಮ್ಮೆ ಬರುವಂಥದ್ದೇ. ಯಾವಾಗಲೂ ಗಂಡನೇ ಒಡೆಯುತ್ತಿದ್ದ. ಅಂದು ಅವಳು ಒಡೆದಳು. ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ಚಪ್ಪಲಿ ಹಾಕಿಕೊಂಡು, ಹತ್ತು ನಿಮಿಷದ ದಾರಿಯನ್ನು ಅರ್ಧ ಗಂಟೆ ನಡೆದು, ಕಂಬಿ ಹಿಡಿದು ಮೂರು ಮಹಡಿ ಹತ್ತಿದಳು.

ಅವನು ಬಚ್ಚಲುಮನೆಯಲ್ಲಿ ಬೋರಲು ಹಾಕಿದ ಬಕೀಟಿನ ಮೇಲೆ ಕೂತಿದ್ದ. ಒಂದು ಇಡೀ ಗೋಡೆಯ ಟೈಲುಗಳನ್ನು ಕಿತ್ತು ಮೂಲೆಯಲ್ಲಿ ಜೋಡಿಸಿದ್ದ. ಕೂದಲು, ಹುಬ್ಬು, ಮೀಸೆಯೆಲ್ಲ ಸಿಮೆಂಟಿನ ಧೂಳು. ಇದೇನು ಎಂದು ಅವಳು ಕೇಳಿದಳು. ಒಳಗೆ ಪೈಪು ಸೋರ್ತಿರಬಹುದು ಅನ್ನಿಸ್ತು ಎಂದ.

"ಸೋರ್ತಿತ್ತಾ?"

"ಇಲ್ಲ."

ಅವಳು ಬಕೀಟಿನ ಕಡೆ ಕೈ ತೋರಿಸಿದಳು. ಅವನು ಎದ್ದ. ಅವಳು ಅದರ ಮೇಲೆ ಕೂತು ಊದಿದ ಕಾಲನ್ನು ಮುಂದೆ ಚಾಚಿ, ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಲಕೋಟೆ ನೋಡಿದ್ದೇ ಅವನ ಮುಖ ಹುಳ್ಳಗಾಯಿತು. ಅವಳು ಕೇಳುವ ಮೊದಲೇ ಎಲ್ಲವನ್ನೂ ಒದರಿದ. ಯಾವತ್ತು ಮಾರಿದ್ದು, ಯಾಕೆ ಮಾರಿದ್ದು, ಟೀವಿಯವನು ಏನೆಂದಿದ್ದ, ಎಷ್ಟು ರಾತ್ರಿ ನಿದ್ದೆ ಇರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಈ ಮನೆಗೆ ನೀವು ಏನ್ ಮಾಡಬೇಕಿತ್ತು? ಏನೂ ಇಲ್ಲ. ಆ ದುಡ್ಡಿಗೆ ಏನ್ ಮಾಡಬೇಕಿತ್ತು? ಅದಕ್ಕೂ ಏನೂ ಇಲ್ಲ. ಎರಡನ್ನೂ ಸುಮ್ಮನೆ ಬಿಟ್ಟಿದ್ರೆ ಸಾಕಿತ್ತು ರೀ. ಅದೊಂದು ನಿಮ್ಮ ಕೈಲಾಗಲಿಲ್ಲ."

ನಾನು ಮಾಡಿದ್ದೆಲ್ಲ ನಮ್ಮಿಬ್ಬರಿಗೋಸ್ಕರ ಎಂದು ಅವನು ತೊದಲಿದ.

"ಇಬ್ಬರಿಗೋಸ್ಕರ. ಆದರೆ ಕೂತಿದ್ದು ಒಬ್ಬರೇ." ಅವಳ ದನಿ ಏರಲಿಲ್ಲ. "ಹತ್ತೊಂಬತ್ತು ವರ್ಷ ಮನೆಗೆ ಅಕ್ಕಿ ಬೇಳೆ ಯಾರ ಸಂಬಳದಲ್ಲಿ ಬಂತು?"

"ನಿಂದೇ."

"ಅವತ್ತು ನೀವು ಆ ಹವಾಯಿ ಚಪ್ಪಲಿಯವನ ಕಥೆ ಹೇಳಿದಾಗ ನಾನು ಹೂಂ ಅಂದೆ. ನೀವು ಕೂರಲಿ ಅಂತ ಅಂದೆ ಅಂದ್ಕೊಂಡ್ರಾ? ನನಗೂ ಕೂರಬೇಕು ಅನ್ನಿಸಿತ್ತು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ ನಿಂತೇ ಇರೋಳು ನಾನು. ನಿಮಗೆ ನಿಲ್ಲೋದು ಇಷ್ಟ, ಹತ್ತೋದು ಇಷ್ಟ, ಓಡೋದು ಇಷ್ಟ. ಕೂರೋದು ನನಗೆ ಇಷ್ಟ. ನೀವು ಒಂದ್ಸಲಾನೂ ಕೇಳಲಿಲ್ಲ."

ಅವಳ ಕಾಲಿನ ಮೇಲೆ ಅವನ ಕಣ್ಣು ಹೋಯಿತು. ಮೀನಖಂಡದ ಉದ್ದಕ್ಕೂ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು. ಕೆಟ್ಟ ಬೇರಿಂಗಿನ ಸದ್ದನ್ನು ಎರಡು ಮಹಡಿ ಕೆಳಗಿನಿಂದಲೇ ಗುರುತಿಸುತ್ತಿದ್ದವನು ಇದನ್ನು ಯಾವತ್ತು ನೋಡಿದ್ದ? ನೋಡಿದ್ದ, ಎಷ್ಟೋ ಸಲ. ಇನ್ನೆರಡು ಮೂರು ವರ್ಷ ಅಷ್ಟೇ ಅಂದುಕೊಂಡು ಸುಮ್ಮನಾಗಿದ್ದ. ಸುಮ್ಮನಿರಲು ಅವನಿಗೆ ಬಂದದ್ದು ಅದೊಂದು ವಿಷಯದಲ್ಲೇ.

"ಈಗ ನನ್ನ ಸರದಿ," ಎಂದಳು ಅವಳು. "ನಾನು ಅಂಗಡಿ ಬಿಡ್ತೀನಿ. ನೀವು ಕೆಲಸ ಹುಡುಕ್ಕೊಳ್ಳಿ."

ಅವನಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನ. ಆ ಗೋಡೆಗೆ ಮತ್ತೆ ಟೈಲು ಅಂಟಿಸುತ್ತಾ ನಾಲ್ಕು ದಿನ ಅವಳ ಜೊತೆ ಬೇಕಾದಷ್ಟೇ ಮಾತಾಡಿದ. ಗಂಡಸು ಕೆಲಸ ಬಿಟ್ಟು ಮತ್ತೆ ಅದೇ ಬಾಗಿಲಿಗೆ ಹೋಗಿ ನಿಂತರೆ ಜನ ಏನೆಂದಾರು ಎಂದು ಒಮ್ಮೆ, ಹೋಗದಿದ್ದರೆ ನಾಳೆಯೂ ಈ ಬಕೀಟಿನ ಮೇಲೇ ಕೂರಬೇಕಲ್ಲ ಎಂದು ಇನ್ನೊಮ್ಮೆ ಯೋಚಿಸಿದ. ಎರಡನೆಯದರಿಂದ ಅವನಿಗೆ ನಿಜವಾಗಿಯೂ ಭಯವಾಯಿತು. ಐದನೇ ದಿನ ಶೇವ್ ಮಾಡಿಕೊಂಡು ಹಳೇ ಕಂಪನಿಗೆ ಹೋದ. ಅವನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಸೂಪರ್‌ವೈಸರ್ ಚಹಾ ತರಿಸಿ, ಗಡಿಯಾರ ಸರಿಯಾಗಿ ಓಡ್ತಿದೆಯಾ ಎಂದು ಕಾಲೆಳೆದು, ಕೊನೆಗೆ ಒಂದು ಫೋನ್ ನಂಬರು ಬರೆದುಕೊಟ್ಟ.

ಅದು ನಾಲ್ಕೇ ಜನರಿದ್ದ ಸಣ್ಣ ಕಂಪನಿ. ದೊಡ್ಡವರು ಕೈಬಿಟ್ಟ ಹಳೇ ಲಿಫ್ಟುಗಳು, ಕೈಯಿಂದ ಎಳೆದು ಮುಚ್ಚುವ ಜಾಲರಿ ಬಾಗಿಲಿನವು, ಅವುಗಳನ್ನೇ ನೋಡಿಕೊಳ್ಳುವ ಕೆಲಸ. ನಡೆಸುತ್ತಿದ್ದವಳಿಗೆ ಅವನಿಗಿಂತ ಹತ್ತು ಹನ್ನೆರಡು ವರ್ಷ ಕಡಿಮೆ ವಯಸ್ಸು. ಅವನ ಕಾಗದಗಳನ್ನು ನೋಡಿ, ಇಷ್ಟು ಅನುಭವ ಇಟ್ಟುಕೊಂಡು ನಡುವೆ ಏಳು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು.

"ಸುಮ್ಮನೆ ಕೂತು ನೋಡಿದೆ ಮೇಡಂ. ಬರಲಿಲ್ಲ."

ಅವಳು ನಕ್ಕಳು. ಹಿಂದಿನ ಸಂಬಳದ ಮೂರರಲ್ಲಿ ಎರಡು ಪಾಲು ಕೊಡುವುದಾಗಿ ಹೇಳಿದಳು. ಅವನು ಚೌಕಾಸಿ ಮಾಡಲಿಲ್ಲ.

ಸೋಮವಾರ ಆರು ಮಹಡಿಯ ಒಂದು ಹಳೇ ಕಟ್ಟಡ. ಮೋಟಾರ್ ಕೋಣೆಯ ಬಾಗಿಲು ತಳ್ಳಿದಾಗ ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ರಾಚಿತು. ಅವನ ಹುಟ್ಟಿಗೂ ಮುಂಚಿನ ಯಂತ್ರ. ಬ್ರೇಕಿನ ಪಟ್ಟಿ ಸವೆದು ಹಾಳೆಯಂತಾಗಿತ್ತು. ಅದನ್ನು ಬಿಚ್ಚಿ, ಉಜ್ಜಿ, ಹೊಸದು ಕೂರಿಸಿ, ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ಕಿವಿಗೊಟ್ಟು ನಿಂತ. ಮಧ್ಯಾಹ್ನ ಊಟಕ್ಕೆ ಕೂತಾಗ ಫಂಡಿನ ನೆನಪೂ ಆಗಲಿಲ್ಲ. ನೆನಪಾಗಿದ್ದರೂ ಪ್ರಯೋಜನವಿರಲಿಲ್ಲ; ಹೆಂಡತಿ ಪಾಸ್‌ವರ್ಡ್ ಬದಲಾಯಿಸಿದ್ದಳು. ಮಾರಿ ಬಂದ ಹಣವನ್ನು ಅವಳು ಮತ್ತೆ ಅದೇ ಫಂಡಿಗೆ, ಏರಿದ ಬೆಲೆಗೇ ಹಾಕಿಸಿದ್ದಳು. ಒಟ್ಟಿನಲ್ಲಿ ಒಂದೂವರೆ ವರ್ಷದ ಉಳಿತಾಯ ಗಾಳಿಗೆ ಹೋಗಿತ್ತು. ಹೋದದ್ದರ ಬಗ್ಗೆ ಅವಳು ಮತ್ತೆ ಮಾತೆತ್ತಲಿಲ್ಲ.

ಫ್ಲಾಟನ್ನೂ ಅವಳೇ ಬಾಡಿಗೆಗೆ ಕೊಟ್ಟಳು. ಬೇಕರಿಯಲ್ಲಿ ಕೆಲಸ ಮಾಡುವ ಗಂಡ, ಅವನ ಹೆಂಡತಿ, ಒಂದು ಕೈಗೂಸು. ಇವಳು ಬೀಗ ತೆಗೆದುಕೊಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತು, ಬಾಯಿ ಮುಚ್ಚಿಕೊಂಡಿದ್ದಳಂತೆ. ಅವರೇ ಎಲ್ಲ ಕಡೆ ಓಡಾಡಿ ನೋಡಿ, ಬಚ್ಚಲಿನ ಟೈಲು ಎಷ್ಟು ಹೊಸದಾಗಿದೆ ಎಂದು ಮೆಚ್ಚಿ, ಅಲ್ಲೇ ಒಪ್ಪಿಕೊಂಡರು. ಹೆಚ್ಚುವರಿ ಕೀಲಿ ಅವಳ ಪೆಟ್ಟಿಗೆ ಸೇರಿತು. ಒಂದೆರಡು ಸಲ ಅವನು, ಮಗು ಇರೋ ಮನೆ, ಕಿಟಕಿಗೆ ಜಾಲರಿ ಹಾಕಿಕೊಟ್ಟರೆ ಒಳ್ಳೇದಿತ್ತೇನೋ ಎಂದು ರಾಗ ಎಳೆದ. ಬೇಕಾದರೆ ಅವರೇ ಕೇಳ್ತಾರೆ ಎಂದಳು. ಅವರು ಕೇಳಲಿಲ್ಲ. ಬೇಕರಿಯವನೇ ಜಾಲರಿ ಹೊಡೆದುಕೊಂಡಿದ್ದ, ಸೊಟ್ಟಗೆ. ರಸ್ತೆಯಿಂದಲೇ ಅದು ಕಾಣುತ್ತಿತ್ತು. ಅವಸರಣ್ಣ ಆಮೇಲೆ ಆ ರಸ್ತೆಯನ್ನೇ ಬಿಟ್ಟು ಸುತ್ತುಬಳಸಿ ಕೆಲಸಕ್ಕೆ ಹೋಗತೊಡಗಿದ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ನರ್ಸ್ ಸಿಕ್ಕಿದಳು. ಸಿಕ್ಕಿದಳು ಎಂದರೆ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಅವಳ ಸೀಟಿನ ಪಕ್ಕದಲ್ಲೇ ಅವನು ಕಂಬಿ ಹಿಡಿದು ನಿಂತಿದ್ದ. ಕ್ಷಮಿಸಿ ಸಿಸ್ಟರ್ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅವಳು ಇಳಿಯುವ ಜಾಗ ದಾಟಿಹೋದರೆ ಎಂಬ ಚಿಂತೆ ಬೇರೆ. ಎಬ್ಬಿಸಲೇ ಬೇಡವೇ ಎಂದು ನಾಲ್ಕು ಸ್ಟಾಪಿನ ಉದ್ದಕ್ಕೂ ಒಳಗೊಳಗೇ ಕುದಿದ. ಐದನೆಯ ಸ್ಟಾಪಿನಲ್ಲಿ ಆಕೆ ತಾನಾಗಿಯೇ ಕಣ್ಣು ತೆರೆದು, ಅವನನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾಗಿ, ಚೆನ್ನಾಗಿದ್ದೀರಾ ಸರ್ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದಳು. ಕ್ಷಮಿಸಿ ಎಂಬುದು ಹೇಳದೇ ಉಳಿಯಿತು.

ಹೆಂಡತಿ ಅಂಗಡಿ ಬಿಟ್ಟು ಈಗ ಎರಡು ತಿಂಗಳು. ಅವಳು ಎಂಟೂವರೆಗೆ ಏಳುತ್ತಾಳೆ. ತನ್ನ ಪಾಲಿನ ದುಡ್ಡಿನಲ್ಲಿ ತೋಳಿರುವ, ಕಾಲು ಚಾಚಿ ಕೂರಬಹುದಾದ ಒಂದು ಕುರ್ಚಿ ಕೊಂಡು ಕಿಟಕಿಯ ಹತ್ತಿರ ಹಾಕಿಸಿಕೊಂಡಿದ್ದಾಳೆ. ಅದರಲ್ಲಿ ಕೂರುತ್ತಾಳೆ. ಓದುವುದಿಲ್ಲ, ಹೆಣೆಯುವುದಿಲ್ಲ, ಟೀವಿ ಹಾಕುವುದಿಲ್ಲ. ಮೊದಮೊದಲು ಅವನಿಗೆ ಅವಳಿಗೆ ಬೇಸರವಾಗುತ್ತಿರಬಹುದೆಂಬ ಅನುಮಾನವಿತ್ತು. ಸಂಜೆ ಬಂದವನೇ ಇವತ್ತು ಏನು ಮಾಡಿದೆ ಎಂದು ವಿಚಾರಿಸುತ್ತಿದ್ದ. ಏನೂ ಇಲ್ಲ ಎನ್ನುವಳು, ಮುಖದಲ್ಲಿ ಅಂಥ ನೆಮ್ಮದಿ ಇಟ್ಟುಕೊಂಡು. ಅವಳ ಕಾಲಿನ ಊತ ಇಳಿಯುತ್ತಾ ಬಂದಿದೆ.

ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಊಟದ ಮೇಜಿನ ಕುರ್ಚಿಯನ್ನು ಎಳೆದು ತಂದು ಅವಳ ಪಕ್ಕಕ್ಕೆ ಹಾಕಿಕೊಂಡ. ನನಗೂ ಹೇಳಿಕೊಡು ಎಂದ. ಅವಳು ನಗಲಿಲ್ಲ. ಹೇಳಿಕೊಡೋದು ಏನಿದೆ, ಕೂತ್ಕೊಳ್ಳಿ, ಏಳಬೇಡಿ, ಅಷ್ಟೇ ಎಂದಳು. ಕೂತ. ಎದುರು ಮನೆಯ ತಾರಸಿಯಲ್ಲಿ ಒಗೆದ ಬಟ್ಟೆ ಗಾಳಿಗೆ ಹಾರಾಡುತ್ತಿತ್ತು. ಅದರಲ್ಲಿ ಒಂದು ಅಂಗಿಗೆ ಕ್ಲಿಪ್ಪು ಹಾಕಿರಲಿಲ್ಲ. ಅವನ ಕಣ್ಣು ಅಲ್ಲೇ ನೆಟ್ಟಿತು. ಬಲಗಾಲಿನ ಪಾದ ತಾನಾಗಿ ಕುಣಿಯತೊಡಗಿತು. ಅವಳು ಅವನ ಮಂಡಿಯ ಮೇಲೆ ಕೈ ಇಟ್ಟಳು, ಕುಣಿತ ನಿಂತಿತು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಮುಚ್ಚಿಕೊಂಡವು, ಕೈ ಮಂಡಿಯ ಮೇಲೆ ಹಾಗೇ ಇತ್ತು. ಅವನು ಆ ಅಂಗಿಯನ್ನು ನೋಡುತ್ತಾ, ಅದು ಬೀಳುವುದೋ ಬೀಳದೋ ಎಂದು ಕಾಯುತ್ತಾ, ಕೂತ ಜಾಗದಿಂದ ಮಿಸುಕಾಡಲಿಲ್ಲ.